ಮೂರನೆಯ ಕೂಗು

ಬಸವಕಲ್ಯಾಣದಲ್ಲಿ ಕೋರ್ಟಿನ ಹರಾಜು ಕೂಗುತ್ತಿದ್ದವರ ಮೈ ಸಣ್ಣದು, ಗಂಟಲು ದೊಡ್ಡದು. ಟೋಪಿ ಸರಿಪಡಿಸಿಕೊಂಡು, ಸಿಂಹಾಸನ ಏರುವವರಂತೆ ಸಾಲಗಾರರ ಮನೆಯ ಕಟ್ಟೆ ಏರುತ್ತಿದ್ದರು. ಅವರದೊಂದು ಕಾಯಿದೆ ಯಾವ ಪುಸ್ತಕದಲ್ಲೂ ಇರಲಿಲ್ಲ: ಒಳಗೆ ಒಲೆ ಉರಿಯುತ್ತಿದ್ದರೆ ಮಾರಾಟ ಮುಗಿಸುವ ಮೂರನೆಯ ಕೂಗು ಇಲ್ಲ. "ಒಲಿ ಆರ್ಲಿ, ತಡೀರಿ," ಎನ್ನುತ್ತಿದ್ದರು.

ಪೇಟೆ ಹೊಸ ರಸ್ತೆಗೆ ಸರಿದ ಮೇಲೆ ನಮ್ಮ ಓಣಿಯ ಮನೆಗಳ ಬೆಲೆ ಕುಸಿದಿತ್ತು. ಗಂಡ ಯಾರಿಗೋ ಜಾಮೀನು ನಿಂತ ತಪ್ಪಿಗೆ ಪಕ್ಕದ ಹೊಲಿಗೆಯ ಅಕ್ಕನ ಮನೆಯೂ ಹರಾಜಿಗೆ ಬಂತು. ಹುಮನಾಬಾದಿನ ಇಬ್ಬರು ಸಾಹುಕಾರರು ತೊಲೆಗಳನ್ನು ತಟ್ಟಿ ನೋಡಿ, ಬರೀ ಕಟ್ಟಿಗೆಯ ಬೆಲೆಗೆ ಮನೆ ಕೇಳಿದರು. ಎರಡು ಕೂಗು ಆಯಿತು. ಒಳಗೆ ಅಕ್ಕ ರೊಟ್ಟಿ ಬಡಿಯುತ್ತಲೇ ಇದ್ದಳು.

ಮಧ್ಯಾಹ್ನ ಕಳೆದ ಮೇಲೆ ರೊಟ್ಟಿಯ ಸದ್ದು ನಿಂತಿತು.

"ಯಾಕ ಅಕ್ಕಾ, ಹಿಟ್ಟ ತೀರ್ತೇನು?" ಎಂದು ಕೂಗುವವರು ಹರಾಜಿನ ದನಿಯಲ್ಲೇ ಕೇಳಿದರು. ಓಣಿಗೆಲ್ಲ ಕೇಳಿಸಿತು. ನಮ್ಮವ್ವ ಒಂದು ಮೊರ ಜೋಳದ ಹಿಟ್ಟು ಕಳಿಸಿದಳು. ಎದುರು ಮನೆಯವರು ಇನ್ನೊಂದು.

"ಮದವಿ ಮನಿ ಏನ್ರಿ ಇದು?" ಎಂದು ಸಾಹುಕಾರರೊಬ್ಬರು ರೇಗಿದರು.

"ಉಣ್ಣಾಕತ್ತವ್ರನ್ನ ಎಬ್ಬಸಬಾರ್ದ್ರಿ ಸಾವ್ಕಾರ್ರ. ನೀವೂ ಬರ್ರಿ, ಬಿಸಿ ಬಿಸಿ ಅವ."

ಐದು ಹೊಡೆಯಿತು, ಹರಾಜಿನ ಹೊತ್ತು ಮುಗಿದು, ಆ ಸಲಕ್ಕೆ ಮನೆ ಅಕ್ಕನಲ್ಲೇ ಉಳಿಯಿತು. ಬೆಳಗಿನಿಂದ ಕಟ್ಟೆಯ ಮೇಲೆ ಕೂತಿದ್ದ ಕೋರ್ಟಿನ ಅಮೀನರು ಕಾಗದ ತೆರೆದು, "ಮನಿ ಯಾಕ ಹೋಗ್ಲಿಲ್ಲಂತ ಬರೀಲಿ?" ಎಂದರು.

"ಗಿರಾಕಿ ಇದ್ರು, ತಕ್ಕ ಬೆಲಿ ಇರ್ಲಿಲ್ಲಂತ ಬರೀರಿ," ಎಂದರು ಕೂಗುವವರು.

ಅಮೀನರು ಎಡಗೈಯ ರೊಟ್ಟಿ ಕೆಳಗಿಡದೆ ಹಾಗೆಯೇ ಬರೆದರು.