ವಿಮಾನದ ಎಡಮಗ್ಗುಲಿಗೆ ವಿಭೂತಿ

ಮೆಕ್ಯಾನಿಕ್ ಕರಿಬಸವಯ್ಯ ಸಾಮಾನ್ಯ ಆಸಾಮಿಯಲ್ಲ ಬಿಡಿ. ನೊಣವಿನಕೆರೆಯ ಕೊಬ್ಬರಿ ವ್ಯಾಪಾರದ ಮನೆಯಲ್ಲಿ ಹುಟ್ಟಿ, ಸ್ಪ್ಯಾನರ್ ಹಿಡಿದು ವಿಮಾನ ಕಲಿಸೋ ಶಾಲೆ ಸೇರಿದ ಪುಣ್ಯಾತ್ಮ. ಎರಡು ಸೀಟಿನ, ಒಂದೇ ಎಂಜಿನ್ನಿನ ತರಬೇತಿ ವಿಮಾನ ಅವನ ಕಣ್ಣೆದುರೇ ಬೆಳೆದಿತ್ತು. ಮೊದಲಿನದಕ್ಕೆ ಹಿಂದೆ ಗಾಜೇ ಇರಲಿಲ್ಲ. ಆಮೇಲೆ ಕಿಟಕಿ ಬಂತು, ಎಂಜಿನ್ನಿಗೆ ಹತ್ತು ಕುದುರೆಯ ಬಲ ಹೆಚ್ಚಿತು. "ಮೂರು ಸಾವಿರ ಅಡಿ ಮೇಲೆ ಎಂಜಿನ್ ನಿಂತೋದ್ರೂ ಎಂಟು ಕಿಲೋಮೀಟರ್ ತೇಲ್ಕೊಂಡು ಬತ್ತದೆ ಕಣ್ರೀ, ಹೆದರ್ಕೋಬ್ಯಾಡಿ," ಅಂತ ಕಲಿಯೋರಿಗೆ ಧೈರ್ಯ ಹೇಳುತ್ತಿದ್ದ.

ಸೋಮವಾರ ಬಂತೆಂದರೆ ಸ್ನಾನ ಮುಗಿಸಿ ಬಂದು, ನೀರಲ್ಲಿ ಕಲಸಿದ ವಿಭೂತಿಯನ್ನು ವಿಮಾನದ ಎಡಮಗ್ಗುಲಿಗೆ ಮೂರು ಬೆರಳಲ್ಲಿ ಎಳೆಯಲೇಬೇಕು. ಇಪ್ಪತ್ತೆಂಟು ವರ್ಷ ಅದರಿಂದ ಏನೂ ಕೆಡಲಿಲ್ಲ. ಹೋದ ವರ್ಷ ಹೊಸ ಮಾದರಿ ಬಂತು, ಬಂದ ಮೊದಲ ಸೋಮವಾರವೇ ಅದಕ್ಕೂ ಎಳೆದ. ಅವತ್ತು ಅದರಲ್ಲಿ ಮೊದಲ ಸಲ ಒಬ್ಬಳೇ ಹಾರಿದವಳು ಅವನ ಮಗಳು ಇಂಪನಾ.

ಅವಳು ಮೇಲೇರಿದ ಸ್ವಲ್ಪ ಹೊತ್ತಿಗೆ ಹಾಲ್ಕುರಿಕೆ ಕಡೆಯಿಂದ ಮಂಜು ತೋಟಗಳ ಮೇಲೆ ಹರಡಿಕೊಂಡು ಬಂತು. ಕರಿಬಸವಯ್ಯ ಶೆಡ್ಡಿನ ರೇಡಿಯೋಗೆ ಕಿವಿ ಕೊಟ್ಟ. ತರಬೇತುದಾರನಿಗೆ ಹೇಳುತ್ತಿದ್ದ ಮಗಳ ದನಿ: "ಸಾರ್, ಎತ್ತರದ ಮುಳ್ಳು ಅಲ್ಲಾಡ್ತಾನೇ ಇಲ್ಲ. ಇನ್ನೂ ನೆಲದ ಮೇಲಿದೀನಿ ಅಂತ ತೋರಿಸ್ತಿದೆ."

ಅವನಿಗೆ ಥಟ್ಟನೆ ಹೊಳೆಯಿತು. ಗಾಳಿಯ ಒತ್ತಡ ಅಳೆದು ಎತ್ತರ ಹೇಳೋ ಯಂತ್ರಕ್ಕೆ ಹೊರಗಡೆ ಗುಂಡುಸೂಜಿಯಷ್ಟು ತೂತು. ಹಳೇ ವಿಮಾನದಲ್ಲಿ ಅದು ಬೇರೆ ಕಡೆ ಇತ್ತು. ಹೊಸದರಲ್ಲಿ ಎಡಮಗ್ಗುಲಿಗೆ ತಂದಿದ್ದರು. ಅಯ್ಯೋ ಶಿವನೇ, ಒಣಗಿದ ವಿಭೂತಿ ಆ ತೂತಿನ ಬಾಯಿ ಕಟ್ಟಿತ್ತು!

ಹೇಳಿದರೆ ಕೆಲಸ ಹೋಗುತ್ತೆ, ಹೇಳದಿದ್ದರೆ ಮಗಳೇ ಹೋಗ್ತಾಳೆ. ಓಡಿಹೋಗಿ ತರಬೇತುದಾರ ಪರಮೇಶನ ಕೈ ಹಿಡಿದುಕೊಂಡ. "ತೂತು ಮುಚ್ಚಿದ್ದು ನಾನೇ ಸಾರ್, ವಿಭೂತಿ ಬಳಿದೆ! ವೇಗದ ಮುಳ್ಳೂ ಸುಳ್ಳು ಹೇಳ್ತದೆ, ಕಮ್ಮಿ ತೋರಿಸ್ತದೆ. ಅದ ನಂಬಿ ವೇಗ ಹೆಚ್ಚಿಸೋಕೆ ಅಂತ ಮೂಗು ಬಗ್ಗಿಸ್ಬ್ಯಾಡ ಅನ್ನಿ!"

ಬಯ್ಯೋಕೂ ಪುರಸೊತ್ತಿಲ್ಲದೆ ಪರಮೇಶ್ ರೇಡಿಯೋದಲ್ಲಿ ಅದನ್ನೇ ಕೂಗಿ ಹೇಳಿದ. ಮಂಜಿನೊಳಗೆ ಎಂಜಿನ್ ಸದ್ದು ಮಾತ್ರ ಸುತ್ತುತ್ತಿತ್ತು. ಆಮೇಲೆ ತೆಂಗಿನ ಸೋಗೆ ಸವರಿಕೊಂಡೇ ವಿಮಾನ ಹೊರಬಿತ್ತು. ನೆಲಕ್ಕೆ ಬಡಿದು, ಮುಂದಿನ ಗಾಲಿ ಮುರಿದು, ಬೇಲಿಗೆ ನುಗ್ಗಿ ನಿಂತಿತು.

ಹಣೆಯಲ್ಲಿ ರಕ್ತ ಸೋರುತ್ತಿದ್ದ ಇಂಪನಾ ತಾನೇ ಇಳಿದು ಬಂದಳು.

"ತಪ್ಪು ನಂದು ಕಣವ್ವ," ಅಂದ ಕರಿಬಸವಯ್ಯ.

"ನಂದೂ ಹೌದಪ್ಪ. ಹಾರೋಕ್ ಮುಂಚೆ ಸುತ್ತ ನೋಡ್ದಾಗ ತೂತು ಮುಚ್ಚಿರೋದು ಕಾಣಿಸ್ತು. ನೀನಿಟ್ಟ ವಿಭೂತಿ ಅಂತ ಒರೆಸ್ಲಿಲ್ಲ."

ಅಲ್ಲೀತನಕ ಗಟ್ಟಿಯಾಗಿದ್ದ ಮನುಷ್ಯ ಆಗ ಅತ್ತುಬಿಟ್ಟ.