ಸಹಿ ಇಲ್ಲದ ಹದಿನಾಲ್ಕು ತಿಂಗಳು

ಹಳ್ಳಿಮೈಸೂರು ಹೋಬಳಿಯ ನಮ್ಮೂರಿಗೆ ನಟರಾಜಣ್ಣನೇ ನೀರುಗಂಟಿ. ಟ್ಯಾಂಕಿನ ವಾಲ್ವ್ ತಿರುಗಿಸಿ ಬೀದಿಬೀದಿಗೆ ನೀರು ಬಿಡುವ ಕೆಲಸ. ಐದು ನಿಮಿಷ ತಡವಾದರೆ ಅವನ ವಂಶವನ್ನೇ ಜಾಲಾಡುವವರು ನಾವು. ಅವನ ಎದೆಯಲ್ಲಿ ಮೂವತ್ತು ವರ್ಷದಿಂದ ಪುಕಪುಕ ಇತ್ತೆಂದು ತಿಳಿದದ್ದು, ನಿವೃತ್ತಿಯಾಗುವ ಈ ವರ್ಷ.

ಅವನನ್ನು ನೇಮಿಸಿದ್ದು ಹಳೆಯ ಮಂಡಲ ಪಂಚಾಯಿತಿ. ಎರಡು ವರ್ಷ ತುಂಬುವಷ್ಟರಲ್ಲಿ ದಿಲ್ಲಿಯಲ್ಲಿ ಸಂವಿಧಾನ ತಿದ್ದಿದರು, ಬೆಂಗಳೂರಿನಲ್ಲಿ ಹೊಸ ಕಾಯಿದೆ ಬಂತು, ಇಲ್ಲಿ ಮಂಡಲವೇ ಹೋಯಿತು. ಬೋರ್ಡು ಇಳಿಯಿತು. ಕಾರ್ಯದರ್ಶಿ ವಾಲ್ವ್ ಕೀಲಿಯನ್ನೂ ಹಾಜರಿ ಪುಸ್ತಕವನ್ನೂ ಇವನ ಕೈಗಿಟ್ಟು ಬಸ್ಸು ಹತ್ತಿದ. ಗ್ರಾಮ ಪಂಚಾಯಿತಿ ಬರುವವರೆಗೆ ಹದಿನಾಲ್ಕು ತಿಂಗಳು ಇವನು ಯಾರ ಆಳೆಂದು ಇವನಿಗೇ ತಿಳಿಯಲಿಲ್ಲ.

"ಪಂಚಾಯ್ತಿನೇ ಇಲ್ದಿದ್ಮೇಲೆ ಯಾರ್ಗಂತ ನೀರ್ ಬುಡಾಕ್ ಓಗ್ತೀಯಾ?" ಎಂದಳು ಹೆಂಡತಿ ಧನಲಕ್ಷ್ಮಿ.

"ನಲ್ಲಿ ಮುಂದೆ ಬಿಂದ್ಗೆ ಮಡಗವ್ರಲ್ಲ, ಅವ್ರ್ಗೆ ಕಣೇ."

ನೀರು ಬಿಟ್ಟ, ಸಹಿ ಹಾಕಲಿಲ್ಲ. ಇಲ್ಲದ ಮಂಡಲದ ಪುಸ್ತಕದಲ್ಲಿ ಸಹಿ ಹಾಕಿದರೆ ಜೈಲೇ ಗತಿ ಎಂದು ಹೆದರಿದ್ದ. ದಿನಾ ಅತ್ತಿತ್ತ ನೋಡಿ ಕದ್ದವನಂತೆ ವಾಲ್ವ್ ತಿರುಗಿಸುತ್ತಿದ್ದ.

ಈಗ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿ ಸೌಜನ್ಯ ನಿವೃತ್ತಿ ಕಾಗದ ಮಾಡಲು ಕೂತು, ಆ ಖಾಲಿ ಪುಟಗಳ ಮೇಲೆ ಬೆರಳಿಟ್ಟರು. "ಇಲ್ಲಿ ಸಹಿಯೇ ಇಲ್ಲವಲ್ಲ? ಸೋಮವಾರ ಬನ್ನಿ, ಕಾಯಿದೆ ನೋಡಿ ಹೇಳ್ತೀನಿ."

ಮೂರು ದಿನ ಅವನ ತಲೆಯಲ್ಲಿ ಅದೇ ಲೆಕ್ಕ. ಸೇವೆ ತುಂಡಾಯಿತೆಂದರೆ ನಿವೃತ್ತಿ ಹಣದ ಲೆಕ್ಕದಿಂದ ಮೊದಲಿನ ವರ್ಷಗಳು ಹೋದವು; ಅದಕ್ಕಿಂತ ಹೆಚ್ಚಾಗಿ, ಆವತ್ತು ಮಾಡಿದ್ದು ಕಳ್ಳತನವೆಂದು ಬರೆದುಬಿಟ್ಟರೆ? ಸೋಮವಾರ ಅವನು ಕುರ್ಚಿಯಲ್ಲಿ ಕೂರಲೂ ಇಲ್ಲ.

"ಮಂಡಲದ ನೌಕರರು ತಾವಾಗೇ ಹೊಸ ಪಂಚಾಯಿತಿಯ ನೌಕರರು ಅಂತ ಕಾಯಿದೆಯಲ್ಲೇ ಇದೆ, ನಟರಾಜಣ್ಣ. ಪಂಚಾಯಿತಿ ಬದಲಾಯಿತು, ನಿಮ್ಮ ಕೆಲಸ ನಿಲ್ಲಲಿಲ್ಲ. ಒಂದು ದಿನವೂ ಕಡಿಮೆಯಾಗಲ್ಲ."

ಅವನು ಕಣ್ಣೊರೆಸಿಕೊಂಡ. "ಅಂಗಾರೆ ನಾನು ಕದ್ದು ಬುಡ್ತಿರ್ನಿಲ್ಲ, ಮೇಡಮ್?"

"ಇಲ್ಲ."

"ಈಗ ಸೈನ್ ಆಕ್ಬುಡ್ಲಾ?" ಎಂದು ಪೆನ್ನಿಗೆ ಕೈ ಚಾಚಿದ.

ಸೌಜನ್ಯ ಪುಸ್ತಕ ಮುಚ್ಚಿದರು. "ಈಗ ಹಾಕಿದರೇ ಅದು ಸುಳ್ಳು. ಖಾಲಿ ಇರಲಿ ಬಿಡಿ."