ಯಾರೂ ಕಾಯದ ಪರೀಕ್ಷೆ

ಆಫೀಸಿನಲ್ಲಿ ಅವಳಿಗೆ ಎಲ್ಲರೂ ಇಟ್ಟ ಹೆಸರು ತಕರಾರಮ್ಮ. ಲಿಫ್ಟ್ ನಡೆಸುವ ಸಾಫ್ಟ್‌ವೇರ್ ಬರೆಯುವ ಕಂಪನಿ ಅದು. ಬರೆದದ್ದು ಹೊರಗೆ ಹೋಗುವ ಮುನ್ನ ಅವಳ ಪರೀಕ್ಷೆಯನ್ನು ದಾಟಬೇಕು. ದಾಟದಿದ್ದರೆ ಬಿಲ್ಡ್, ಅಂದರೆ ಬರೆದದ್ದನ್ನೆಲ್ಲ ಜೋಡಿಸಿ ಹೊರಗೆ ಕಳಿಸುವ ಕೆಲಸ, ಅಲ್ಲೇ ನಿಲ್ಲುತ್ತಿತ್ತು. ತಪ್ಪು ಮಾಡಿದವನನ್ನು ಬಿಟ್ಟು ತೋರಿಸಿದವಳ ಮೇಲೆ ಎಲ್ಲರೂ ಉರಿದುಬೀಳುತ್ತಿದ್ದರು. ಗಂಡ ಹೋದ ಮೇಲೆ, ಹಾಸಿಗೆ ಹಿಡಿದ ಅತ್ತೆಯ ಔಷಧಿಯೂ ಈ ಸಂಬಳದಿಂದಲೇ ನಡೆಯಬೇಕಿತ್ತು. ಹಾಗಂತ ಬಾಯಿಗೆ ಬೀಗ ಹಾಕಿಕೊಳ್ಳುವ ಜಾಯಮಾನ ಅವಳದಲ್ಲ.

ಈಚೆಗೆ ಮಾತ್ರ ಯಾವ ಬಿಲ್ಡೂ ನಿಂತಿರಲಿಲ್ಲ. ಮ್ಯಾನೇಜರ್ ಎದುರಾದರೆ ನಗುತ್ತಿದ್ದ. ಅಂತೂ ಹುಡುಗರು ದಾರಿಗೆ ಬಂದರು ಎಂದು ಅವಳು ಒಳಗೊಳಗೇ ಬೀಗಿದ್ದಳು, ಪಾಪ.

ಒಂದು ಮಧ್ಯಾಹ್ನ ಊಟದ ಡಬ್ಬಿ ತೆರೆಯುವಷ್ಟರಲ್ಲೇ ಬಿಲ್ಡ್ ಮುಗಿದುಹೋದದ್ದು ಕಂಡು ಅವಳಿಗೆ ಕಸಿವಿಸಿಯಾಯಿತು; ಅವಳ ಪರೀಕ್ಷೆಯೊಂದಕ್ಕೇ ಅರ್ಧ ಗಂಟೆ ಹಿಡಿಯಬೇಕಿತ್ತು. ಯಾವ ಕೆಲಸ ಯಾವುದಕ್ಕಾಗಿ ಕಾಯುತ್ತದೆ ಎಂದು ಕಂಪ್ಯೂಟರಿನಲ್ಲಿ ತೆಗೆದು ನೋಡಿದಳು. ಬಿಡುಗಡೆಯ ಕೆಲಸ ಪ್ಯಾಕಿಂಗ್‌ಗೆ ಕಾಯುತ್ತಿತ್ತು, ಪ್ಯಾಕಿಂಗ್ ಕಂಪೈಲ್‌ಗೆ, ಅಂದರೆ ಬರೆದದ್ದನ್ನು ಯಂತ್ರದ ಭಾಷೆಗೆ ಇಳಿಸುವ ಕೆಲಸಕ್ಕೆ. ಅವಳ ಪರೀಕ್ಷೆಯನ್ನು ಯಾರೂ ಅಳಿಸಿರಲಿಲ್ಲ, ಅದು ಒಂದು ಮೂಲೆಯಲ್ಲಿ ಬಿದ್ದಿತ್ತು. ಆದರೆ ಅದರ ಕೊಂಡಿಯನ್ನು ಯಾರೋ ಬಿಚ್ಚಿದ್ದರು, ಅದಕ್ಕಾಗಿ ಯಾವುದೂ ಕಾಯುತ್ತಿರಲಿಲ್ಲ. ಇಷ್ಟು ದಿನ ಅದು ಓಡಿಯೇ ಇರಲಿಲ್ಲ.

ಬಿಲ್ಡ್ ನೋಡಿಕೊಳ್ಳುವವನು ಅವಳ ಸ್ವಂತ ತಮ್ಮ. ಅವನಿಗೆ ಆ ಕೆಲಸ ಕೊಡಿಸಿದವಳೂ ಅವಳೇ.

"ಬಿಚ್ಚಿದ್ದು ನೀನೇನೋ?"

"ಮೆಲ್ಲಗೆ ಮಾತಾಡಕ್ಕ. ನಿನ್ನನ್ನೇ ತೆಗೀತೀವಿ ಅಂತಿದ್ರು. ಪರೀಕ್ಷೆ ಬಿಚ್ಚಿಬಿಡ್ತೀನಿ, ಅಕ್ಕನ್ನ ಮಾತ್ರ ಬಿಟ್ಬಿಡಿ ಅಂತ ಕೈಕಾಲು ಹಿಡಿದೆ."

ಅವಳಿಗೆ ಸಿಟ್ಟೂ ಬಂತು, ಅಳುವೂ ಬಂತು. ತನ್ನ ಜಾಗಕ್ಕೆ ಬಂದು ಪರೀಕ್ಷೆಯನ್ನು ತಾನೇ ಓಡಿಸಿದಳು. ಅದು ತಪ್ಪು ತೋರಿಸಿತು: ಅಡ್ಡ ಏನಿದ್ದರೂ ಲೆಕ್ಕಿಸದೆ ಲಿಫ್ಟಿನ ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ಸಂಜೆ ಹೊರಗೆ ಹೋಗಬೇಕಾದದ್ದು ಇದೇ ಸಾಫ್ಟ್‌ವೇರ್.

ಮತ್ತೆ ತಮ್ಮನ ಬಳಿ ಹೋದಳು. "ವಾಪಸ್ ಕಟ್ಟೋ."

"ಕಟ್ಟಿದ್ರೆ ಇಬ್ಬರೂ ಬೀದಿಗೆ. ನನ್ನ ಮಕ್ಕಳ ಮುಖ ನೋಡಕ್ಕ."

ಅವಳ ಕಣ್ಣ ಮುಂದೆ ಅತ್ತೆಯ ಮುಖವೂ ಬಂತು. ಆದರೂ ಬಿಡುಗಡೆ ಪರೀಕ್ಷೆಗಾಗಿ ಕಾಯಬೇಕು ಎನ್ನುವ ಒಂದು ಸಾಲನ್ನು ತಾನೇ ಬರೆದಳು. ಬಿಲ್ಡ್ ಕೆಂಪಾಗಿ ನಿಂತಿತು.

ಮ್ಯಾನೇಜರ್ ಧುಮುಗುಡುತ್ತ ಬಂದ. "ಯಾರ್ರೀ ಇದನ್ನ ಕಟ್ಟಿದ್ದು?"

ಅವಳು ಬಾಯಿ ತೆರೆಯುವ ಮೊದಲೇ ತಮ್ಮ ಎದ್ದು ನಿಂತ. ಒಂದು ಗಳಿಗೆ ಅವಳ ಜೀವ ತಂಪಾಯಿತು.

"ಈ ಮೇಡಂ ಸಾರ್," ಎಂದ. "ನನಗೇನೂ ಗೊತ್ತಿಲ್ಲ."

ಮಾತು ಕಲಿತ ದಿನದಿಂದ ಅವನು ಅವಳನ್ನು ಅಕ್ಕ ಎನ್ನದೆ ಇದ್ದದ್ದು ಅದೇ ಮೊದಲು. "ಹೌದು, ನಾನೇ. ಅವನಿಗೇನೂ ಗೊತ್ತಿಲ್ಲ," ಎಂದಳು ಅವಳು, ಅವನನ್ನು ಕಾಯುವವಳ ಹಾಗೆ.